ತಮಟೆಯ ಪೆಟ್ಟು, ಹಾಡಿನ ಮೆಲುದನಿ: ಡಿಜಿಟಲ್ ಧ್ವನಿಮಿಶ್ರಣದಲ್ಲಿ ಫ್ಲೋಟಿಂಗ್ ಪಾಯಿಂಟ್ ಗಣಿತ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಪ್ರದೇಶದ ಗ್ರಾಮದೇವತೆಗಳ ಉತ್ಸವಗಳಲ್ಲಿ ತಮಟೆಗೆ ವಿಶೇಷ ಸ್ಥಾನವಿದೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದುದು ಈ ವಾದ್ಯದ ಸಾಧನೆಗಾಗಿ. ಬೆಂಕಿಗೆ ಕಾಯಿಸಿ ಬಿಗಿಗೊಳಿಸಿದ ತಮಟೆಯ ಪೆಟ್ಟು ಕ್ಷಣಾರ್ಧದಲ್ಲಿ ಶಿಖರಕ್ಕೇರುತ್ತದೆ. ಅದರ ಮಗ್ಗುಲಲ್ಲೇ ವೃದ್ಧ ಗಾಯಕಿಯೊಬ್ಬರು ಹೇಳುವ ದೇವತೆಯ ಪದ ಮೆಲುದನಿಯದು. ಇವೆರಡನ್ನೂ ಒಂದೇ ಧ್ವನಿಮುದ್ರಿಕೆಯಲ್ಲಿ ಉಳಿಸಿಕೊಳ್ಳುವ ಬಗೆ ಹೇಗೆಂಬುದು ಕ್ಷೇತ್ರಕಾರ್ಯದ ಪ್ರಶ್ನೆಯಷ್ಟೇ ಅಲ್ಲ, ಗಣಿತದ ಪ್ರಶ್ನೆಯೂ ಹೌದು.

ಡಿಜಿಟಲ್ ಮುದ್ರಣದಲ್ಲಿ ಧ್ವನಿಯು ಸಂಖ್ಯೆಗಳ ಸಾಲಾಗುತ್ತದೆ. ಮಿಶ್ರಣವೆಂದರೆ ಆಯಾ ಕ್ಷಣದ ಸಂಖ್ಯೆಗಳ ಸಂಕಲನ. 16 ಬಿಟ್ ಪೂರ್ಣಾಂಕ ಪದ್ಧತಿಯಲ್ಲಿ -32,768ರಿಂದ 32,767ರವರೆಗೆ ಮಾತ್ರ ಎಡೆಯಿದೆ. ಒಂದು ಕ್ಷಣದಲ್ಲಿ ತಮಟೆಯ ಬೆಲೆ 30,000, ಹಾಡಿನದು 6,000 ಎಂದಾದರೆ ಮೊತ್ತ 36,000. ಅದನ್ನು 32,767ಕ್ಕೆ ತಡೆದು ನಿಲ್ಲಿಸಿದರೆ 3,233 ನಷ್ಟವಾಗುತ್ತದೆ; ಇದು ಹಾಡಿನ ಪಾಲಿನ ಅರ್ಧಕ್ಕಿಂತಲೂ ಹೆಚ್ಚು. ಮುಂಜಾಗ್ರತೆಯಾಗಿ ಎಲ್ಲವನ್ನೂ ಮೊದಲೇ ತಗ್ಗಿಸಿದರೆ ಮೆಲುದನಿಗೆ ದೊರೆಯುವ ಮಟ್ಟಗಳು ಕಡಿಮೆಯಾಗಿ ಅದರ ಸೂಕ್ಷ್ಮತೆ ಕುಂದುತ್ತದೆ.

1985ರ ಐಇಇಇ 754 ಮಾನಕವು ನಿರೂಪಿಸಿದ 32 ಬಿಟ್ ಫ್ಲೋಟಿಂಗ್ ಪಾಯಿಂಟ್ ಪದ್ಧತಿ ಈ ಇಕ್ಕಟ್ಟನ್ನು ನಿವಾರಿಸುತ್ತದೆ. ಇದರಲ್ಲಿ 1 ಬಿಟ್ ಚಿಹ್ನೆಗೆ, 8 ಬಿಟ್ ಘಾತಕ್ಕೆ, 23 ಬಿಟ್ ಭಿನ್ನಾಂಶಕ್ಕೆ ಮೀಸಲು. ಘಾತವು ಅಳತೆಗೋಲನ್ನು ಹಿಗ್ಗಿಸಿ ಕುಗ್ಗಿಸುವುದರಿಂದ ದೊಡ್ಡ ಸಂಖ್ಯೆಗೂ ಸಣ್ಣ ಸಂಖ್ಯೆಗೂ ತಂತಮ್ಮ ಗಾತ್ರಕ್ಕೆ ತಕ್ಕ ನಿಖರತೆ ಲಭಿಸುತ್ತದೆ. ಪೂರ್ಣಮಟ್ಟವನ್ನು 1 ಎಂದಿಟ್ಟುಕೊಂಡರೆ ಮೇಲಿನ ಮೊತ್ತ ಸುಮಾರು 1.099, ಅದು ತುಂಡಾಗದೆ ಉಳಿಯುತ್ತದೆ. ಕೊನೆಯಲ್ಲಿ ಅದನ್ನು 0.9ರಿಂದ ಗುಣಿಸಿದರೆ ಸುಮಾರು 0.989 ಆಗಿ, ತಮಟೆ ಮತ್ತು ಹಾಡಿನ ಪರಸ್ಪರ ಪ್ರಮಾಣ ಕೆಡದೆ ಮಿತಿಯೊಳಗೆ ಬರುತ್ತದೆ.

ಆದರೆ ಈ ಪದ್ಧತಿಗೂ ಮಿತಿಗಳಿವೆ. ಬಹು ದೊಡ್ಡ ಸಂಖ್ಯೆಗೆ ಬಹು ಸಣ್ಣದನ್ನು ಕೂಡಿಸುವಾಗ ಸಣ್ಣದರ ಕೊನೆಯ ಅಂಕಗಳು ಅಳಿಯುತ್ತವೆ. ಆದ್ದರಿಂದ ಅನೇಕ ಧ್ವನಿಗಳನ್ನು ಕೂಡಿಸುವ ವ್ಯವಸ್ಥೆಯಲ್ಲಿ ಮೊತ್ತವನ್ನು 64 ಬಿಟ್‌ಗಳಲ್ಲಿ ಇರಿಸುವುದು ಲೇಸು. ಅಂತಿಮ ಪ್ರತಿಯನ್ನು 16 ಬಿಟ್‌ಗೆ ಇಳಿಸುವ ಮುನ್ನ ಡಿದರ್ ಎಂಬ ಅತಿಸಣ್ಣ ಯಾದೃಚ್ಛಿಕ ಸದ್ದನ್ನು ಬೆರೆಸಿದರೆ ದುಂಡಾಗಿಸುವಿಕೆಯ ವಿಕೃತಿ ನಿವಾರಣೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು, ಮುದ್ರಣದ ವೇಳೆಯಲ್ಲೇ ಶಿಖರ ತುಂಡಾಗಿದ್ದರೆ ಆ ಕಡತವನ್ನು ಫ್ಲೋಟಿಂಗ್ ಪಾಯಿಂಟ್‌ಗೆ ಪರಿವರ್ತಿಸಿದ ಮಾತ್ರಕ್ಕೆ ಕಳೆದುದು ಮರಳದು. ತಮಟೆಗೂ ಗಾಯಕಿಗೂ ಪ್ರತ್ಯೇಕ ಮೈಕ್ ಇರಿಸಬೇಕು; ಮಿಶ್ರಣದ ಪ್ರತಿಯೊಡನೆ ಆ ಮೂಲ ಜಾಡುಗಳನ್ನೂ ಸಂಗ್ರಹಾಲಯಗಳು ಕಾಪಾಡಬೇಕು. ಹಾಡಿದವರು ಕಾಲವಾದ ಮೇಲೆ ಎರಡನೆಯ ಮುದ್ರಣಕ್ಕೆ ಅವಕಾಶವಿರುವುದಿಲ್ಲ.