ಚಳಿಗಾಲದಲ್ಲಿ ಕಳೆಗಟ್ಟುವ ಹಾಥಾರ್ನ್

ಅಮೆರಿಕದ ಇಂಡಿಯಾನಾ, ಓಹಾಯೋ ರಾಜ್ಯಗಳಲ್ಲಿ ಡಿಸೆಂಬರ್ ಬಂತೆಂದರೆ ಹೆಚ್ಚಿನ ಮರಗಳು ಬೋಳಾಗಿ ನಿಂತಿರುತ್ತವೆ. ಹಾಥಾರ್ನ್ ಮರದ ‘ವಿಂಟರ್ ಕಿಂಗ್’ ತಳಿ ಎಲೆ ಉದುರಿಸಿದರೂ ಅದರ ಕೊಂಬೆಗಳ ತುಂಬ ಕಿತ್ತಳೆಗೆಂಪು ಹಣ್ಣಿನ ಗೊಂಚಲುಗಳು ಹಾಗೇ ಉಳಿದಿರುತ್ತವೆ. ಚಳಿಗಾಲ ಮುಗಿಯುವ ಹೊತ್ತಿಗೆ ಹಕ್ಕಿಗಳು ಅವನ್ನು ಖಾಲಿ ಮಾಡುತ್ತವೆ. ಬೂದುಬಣ್ಣದ ತೊಗಟೆ ಅಲ್ಲಲ್ಲಿ ಸುಲಿದು, ಒಳಗಿನ ಕಿತ್ತಳೆ ಪದರ ಇಣುಕುವುದೂ ಆಗಲೇ ಚೆನ್ನಾಗಿ ಕಾಣುವುದು.

ಹಾಥಾರ್ನ್ ಗುಲಾಬಿ ಕುಟುಂಬದ ಮರ, ಸೇಬಿನ ಹತ್ತಿರದ ಬಂಧು. ಒಂದು ಸೆಂಟಿಮೀಟರಿನಷ್ಟು ಅಗಲದ ಇದರ ಹಣ್ಣಿನ ತುದಿಯಲ್ಲಿ ಸೇಬಿಗಿರುವಂತೆಯೇ ಹೂವಿನ ಒಣ ಗುರುತು ಇರುತ್ತದೆ. ಒಳಗಿರುವುದು ಮಾತ್ರ ಗಟ್ಟಿ ಓಟೆಗಳು. ಮುಳ್ಳಿನಲ್ಲೂ ಒಂದು ವಿಶೇಷವಿದೆ. ಗುಲಾಬಿ ಮುಳ್ಳು ಕಾಂಡದ ಸಿಪ್ಪೆಯಿಂದ ಎದ್ದದ್ದು, ಬೆರಳಿನಿಂದ ಒತ್ತಿದರೆ ಕಳಚಿ ಬರುತ್ತದೆ. ಹಾಥಾರ್ನ್ ಮುಳ್ಳು ರೂಪ ಬದಲಿಸಿದ ಕೊಂಬೆ, ಸುಲಭವಾಗಿ ಕಳಚುವುದಿಲ್ಲ. ವಿಂಟರ್ ಕಿಂಗ್‌ನಲ್ಲಿ ಮುಳ್ಳು ಕಡಿಮೆ.

ಈ ತಳಿಯನ್ನು ಬಳಕೆಗೆ ತಂದದ್ದು ಇಂಡಿಯಾನಾದ ವಿನ್ಸೆನ್ಸ್ ಊರಿನ ಸಿಂಪ್ಸನ್ ನರ್ಸರಿ, 1955ರಲ್ಲಿ. ಹಾಥಾರ್ನ್ ಬೀಜ ಮೊಳೆಯಲು ಎರಡು ವರ್ಷ ಹಿಡಿಯುವುದೂ ಉಂಟು. ಮೊಳೆತ ಸಸಿ ತಾಯಿಮರದ ಗುಣವನ್ನೇ ಪಡೆದೀತೆಂಬ ಭರವಸೆಯೂ ಇಲ್ಲ. ಹಾಗಾಗಿ ನರ್ಸರಿಗಳು ಇದನ್ನು ಕಸಿ ಕಟ್ಟಿಯೇ ಬೆಳೆಸುತ್ತವೆ.

ಹಾಥಾರ್ನ್‌ಗೆ ದೊಡ್ಡ ಕಾಟ ತುಕ್ಕು ರೋಗದ್ದು. ಈ ರೋಗ ತರುವ ಶಿಲೀಂಧ್ರಕ್ಕೆ ಬದುಕು ಸಾಗಿಸಲು ಎರಡು ಬಗೆಯ ಮರಗಳು ಬೇಕು: ಹಾಥಾರ್ನ್ ಒಂದು, ಜುನಿಪರ್ ಇನ್ನೊಂದು. ವಸಂತದ ಮಳೆ ಬಿದ್ದಾಗ ಜುನಿಪರ್ ಕೊಂಬೆಯ ಗಂಟುಗಳಿಂದ ಕಿತ್ತಳೆ ಬಣ್ಣದ ಲೋಳೆ ಹೊರಡುತ್ತದೆ. ಅದರ ಬೀಜಕಣಗಳು ಗಾಳಿಯಲ್ಲಿ ಹಾರಿ ಹಾಥಾರ್ನ್ ಎಲೆಯ ಮೇಲೆ ಬೀಳುತ್ತವೆ. ಅಲ್ಲಿ ಬೆಳೆದ ರೋಗ ಮತ್ತೊಂದು ಹಾಥಾರ್ನ್‌ಗೆ ನೇರವಾಗಿ ಹರಡದು, ಪುನಃ ಜುನಿಪರ್‌ಗೇ ಹೋಗಬೇಕು. ವಿಂಟರ್ ಕಿಂಗ್ ಎಲೆಗಳು ಇದನ್ನು ಸಾಕಷ್ಟು ತಡೆದುಕೊಳ್ಳುತ್ತವೆ, ಹಣ್ಣುಗಳಿಗೆ ಮಾತ್ರ ಕೆಲವು ವರ್ಷ ತಗುಲುತ್ತದೆ.

ಬೆಂಗಳೂರಿನ ಹವೆಗೆ ಇದು ಹೇಳಿದ ಮರವಲ್ಲ, ಇದಕ್ಕೆ ಚಳಿಗಾಲದ ಕೊರೆತ ಬೇಕು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಮನೆಯಂಗಳದಲ್ಲಿ ನೆಡುವುದಾದರೆ ಚೆನ್ನಾಗಿ ಬಿಸಿಲು ಬೀಳುವ ಜಾಗ ಆರಿಸಿ, ಸುತ್ತ ಇಪ್ಪತ್ತೈದು ಅಡಿ ಬಿಡಿ. ಅದಕ್ಕೂ ಮೊದಲು ಬೇಲಿಯಾಚೆ ಜುನಿಪರ್ ಇದೆಯೇ ಎಂದು ನೋಡಿಕೊಳ್ಳಿ.