ಕಿವಿಯಿಂದ ನೋಡುವ ವಸ್ತುಸಂಗ್ರಹಾಲಯ

ವಸ್ತುಸಂಗ್ರಹಾಲಯವೆಂದರೆ ಗಾಜಿನ ಕಪಾಟುಗಳಲ್ಲಿ ಹಳೆಯ ಪದಾರ್ಥಗಳನ್ನು ಜೋಡಿಸಿಟ್ಟ ಮನೆಯೆಂಬುದು ಎಲ್ಲರ ತಿಳಿವಳಿಕೆ. ವಿಜಯಪುರದಲ್ಲಿ ಅಂಥ ಮನೆಯೊಂದುಂಟು. ಅದರ ಬೆನ್ನಿಗೇ ಕಪಾಟಿನಲ್ಲಿ ಇಡಲಾಗದ ಪ್ರದರ್ಶನವೂ ಒಂದುಂಟು. ತಿಕೋಟಾ, ಬಬಲೇಶ್ವರಗಳಿಂದ ನಗರಕ್ಕೆ ಓದಲು ಬರುವ ವಿದ್ಯಾರ್ಥಿಗಳೊಡನೆ ನಾವು ಈಚೆಗೆ ಇವೆರಡನ್ನೂ ನೋಡಿದೆವು.

1892ರಲ್ಲಿ ಆರಂಭವಾದ ಸಂಗ್ರಹಾಲಯವು ಈಗ ಗೋಳಗುಮ್ಮಟದ ಮುಂದಣ ನಗಾರಖಾನೆಯಲ್ಲಿದೆ. ಅರಬ್ಬಿ, ಪಾರಸಿ, ಕನ್ನಡ, ಸಂಸ್ಕೃತ ಶಾಸನಗಳು, ರತ್ನಗಂಬಳಿಗಳು, ಆಯುಧಗಳು, ಚೀನಾದೇಶದ ಪಿಂಗಾಣಿ ಪಾತ್ರೆಗಳು ಅಲ್ಲಿವೆ. ಆದಿಲಶಾಹಿ ರಾಜಧಾನಿಗೆ ಎಷ್ಟು ದೂರದ ನಾಡುಗಳ ಸಂಪರ್ಕವಿತ್ತೆಂಬುದನ್ನು ಇವು ಸಾರುತ್ತವೆ.

ಹಿಂದೆ ನಿಂತಿರುವುದು 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಗೋರಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ನಡುವೆ ಒಂದು ಕಂಬವೂ ಇಲ್ಲ. ಮೂಲೆಗೋಪುರದ ಮೆಟ್ಟಿಲುಗಳನ್ನೇರಿದರೆ ಗುಮ್ಮಟದ ಬುಡದಲ್ಲಿ ಸುತ್ತುವರಿದ ಮೊಗಸಾಲೆ ದೊರೆಯುತ್ತದೆ.

ಇಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಎದುರುಗೋಡೆಗೆ ಹೋಗಿ ಮರಳಲು 76 ಮೀಟರು ಸಾಗಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು; ಆದ್ದರಿಂದ ಹಿಡಿಯುವ ಕಾಲ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಹತ್ತನೆಯ ಒಂದು ಭಾಗದಷ್ಟು ಅಂತರವಿದ್ದರೂ ಕಿವಿಯು ಪ್ರತಿಧ್ವನಿಯನ್ನು ಬೇರೆಯಾಗಿ ಗುರುತಿಸಬಲ್ಲದು. ಹೀಗೆ ಸದ್ದು ಹೋಗಿಬಂದು ಮಾಡುವುದರಿಂದಲೇ ಒಂದು ಚಪ್ಪಾಳೆ ಹಲವಾಗುತ್ತದೆ.

ಪಿಸುಮಾತಿನ ಬಗೆ ಬೇರೆ. ಗೋಡೆಯ ಹತ್ತಿರ ಮೆಲ್ಲನೆ ಆಡಿದ ಮಾತು ಬಾಗಿದ ಗೋಡೆಯನ್ನು ಸವರುತ್ತ ಸಾಗುತ್ತದೆ. ಬಯಲಿನಲ್ಲಿ ದೂರವು ಇಮ್ಮಡಿಯಾದರೆ ಶಬ್ದದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಗೋಡೆಗಂಟಿ ಹರಿಯುವ ಶಬ್ದವಾದರೋ ಸುಮಾರು ಅರ್ಧಕ್ಕೆ ಮಾತ್ರ. ಆದಕಾರಣ ಎದುರುಬದಿಯವನಿಗೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಲಂಡನ್ನಿನ ಸಂತ ಪಾಲರ ಚರ್ಚಿನ ಇಂಥದೇ ಮೊಗಸಾಲೆಯನ್ನು ಮೊದಲು ರ‍್ಯಾಲೆಯವರೂ, 1921ರಲ್ಲಿ ನಮ್ಮ ಸಿ. ವಿ. ರಾಮನ್ನರೂ ಅಭ್ಯಸಿಸಿದರು.

ಆದರೆ ಮೊಗಸಾಲೆಗೆ ಬಂದವರು ಸಾಮಾನ್ಯವಾಗಿ ಕೂಗುವುದೇ ಹೆಚ್ಚು. ಕೂಗಿನ ಮೇಲೆ ಕೂಗು ಮೊಳಗುವಾಗ ಪಿಸುಮಾತು ಮುಳುಗಿಹೋಗುತ್ತದೆ. ನಮ್ಮ ವಿದ್ಯಾರ್ಥಿಗಳಿಗೂ ಮೊದಲು ಗದ್ದಲವಲ್ಲದೆ ಬೇರೇನೂ ಕೇಳಿಸಲಿಲ್ಲ. ಜನ ಇಳಿದುಹೋದ ಮೇಲೆ ತಿಕೋಟಾದ ಹುಡುಗನೊಬ್ಬನು ಗೋಡೆಗೆ ಮುಖವಿಟ್ಟು ತನ್ನೂರಿನ ಹೆಸರು ಹೇಳಿದನು. ಎದುರಿಗಿದ್ದ ಬಬಲೇಶ್ವರದವನು ಕೂಡಲೇ ತನ್ನೂರಿನ ಹೆಸರಿನಿಂದ ಉತ್ತರವಿತ್ತನು.

ಓದುಗರು ಇಲ್ಲಿಗೆ ಬೆಳಿಗ್ಗೆ, ಜನ ಸೇರುವ ಮೊದಲೇ ಹೋಗುವುದು ಲೇಸು. ಪಿಂಗಾಣಿಯನ್ನು ಕಾಯಲು ಬೀಗವುಂಟು. ಈ ಪಿಸುಮಾತನ್ನು ಕಾಯಬೇಕಾದವರು ನೋಡಬಂದವರೇ.