ಕಡಲ ತೀರದಲ್ಲಿ ನಾಲ್ಕು ದಿನ

ನಮ್ಮ ಹಾಸನ ಸೀಮೆಯವರಿಗೆ ಸಮುದ್ರವು ದೂರವೂ ಅಲ್ಲ, ಸಮೀಪವೂ ಅಲ್ಲ. ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿಲೋಮೀಟರ್ ಹಾದಿ. ಬೆಳಗ್ಗೆ ಹೊರಟವರು ಸಂಜೆಯೊಳಗಾಗಿ ಅಲೆಗಳ ಸದ್ದನ್ನು ಕೇಳಬಹುದು. ಆದರೂ ಎಪ್ಪತ್ತು ವರ್ಷ ಬಾಳಿಯೂ ಕಡಲನ್ನು ಕಣ್ಣಾರೆ ಕಾಣದ ಹಿರಿಯರು, ಅದರಲ್ಲಿಯೂ ಹೆಂಗಸರು, ನಮ್ಮ ಮನೆಗಳಲ್ಲಿ ಅನೇಕರುಂಟು. ನಡುವೆ ಘಟ್ಟವಿದೆ, ಘಟ್ಟಕ್ಕಿಂತಲೂ ಮಿಗಿಲಾಗಿ ಮನೆಗೆಲಸವಿದೆ. ಇನ್ನೊಂದು ವಿಶೇಷವನ್ನೂ ವಾಚಕರು ಗಮನಿಸಬೇಕು. ನಮ್ಮ ನೀರು ಹರಿಯುವುದು ಆ ಕಡಲಿಗಲ್ಲ. ಸಕಲೇಶಪುರ, ಗೊರೂರು, ಹೊಳೆನರಸೀಪುರಗಳನ್ನು ದಾಟಿ ಬರುವ ಹೇಮಾವತಿಯು ಕಾವೇರಿಯನ್ನು ಕೂಡಿ, ನೂರಾರು ಮೈಲಿ ಮೂಡಣಕ್ಕೆ ಹೋಗಿ ಬಂಗಾಳಕೊಲ್ಲಿಯನ್ನು ಸೇರುವಳು. ಸಕಲೇಶಪುರದಿಂದ ಸ್ವಲ್ಪ ಪಡುವಣಕ್ಕೆ ಸರಿದು ಬಿದ್ದ ಹನಿಯಾದರೋ ಕೆಂಪುಹೊಳೆಯಾಗಿ, ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆತು ಮಂಗಳೂರಿನ ಬಳಿ ಪಡುಗಡಲಿಗೆ ಇಳಿಯುತ್ತದೆ. ಒಂದೇ ಮೋಡದ ನೀರು ಹೀಗೆ ಎರಡು ಸಮುದ್ರಗಳ ಪಾಲಾಗುವುದು.

2025ನೆಯ ಇಸವಿಯ ಮೇ ತಿಂಗಳಿನಲ್ಲಿ ನಮ್ಮ ನಾಲ್ಕು ಮನೆಗಳವರು ಒಟ್ಟಾಗಿ ಕಡಲಿಗೆ ಹೋಗಬೇಕೆಂದು ನಿಶ್ಚಯಿಸಿದೆವು. ಅರಕಲಗೂಡಿನಿಂದ ನಮ್ಮ ಅಕ್ಕನವರು, ಹೊಳೆನರಸೀಪುರದಿಂದ ತಮ್ಮನ ಮನೆಯವರು, ಚನ್ನರಾಯಪಟ್ಟಣದಿಂದ ಬೀಗರು, ಹಾಸನದಿಂದ ನಾವು. ಬೀಗರು 2017ರಲ್ಲಿ ಪೂರ್ಣವಾದ ಶ್ರವಣಬೆಳಗೊಳದ ಹೊಸ ರೈಲುಹಾದಿಯಿಂದಲೂ, ತಮ್ಮನವರು ಮೈಸೂರಿನ ಹಳೆಯ ಹಾದಿಯಿಂದಲೂ ಹಾಸನಕ್ಕೆ ಬಂದರು. ಅರಕಲಗೂಡಿಗೆ ರೈಲಿಲ್ಲ, ಅಕ್ಕನವರು ಬಸ್ಸಿನಲ್ಲಿ ಬಂದರು. ಈ ಪ್ರಯಾಣದ ಮೂಲ ಕಾರಣವೇ ಅವರು. ಮದುವೆಯಾದ ಲಾಗಾಯ್ತು, ಒಮ್ಮೆ ಪರ್ವಕಾಲದಲ್ಲಿ ಸಮುದ್ರಸ್ನಾನ ಮಾಡಬೇಕೆಂಬುದು ಅವರ ಹಂಬಲ. ಭಾವನವರು ಇದ್ದಾಗ ಅದು ಕೂಡಿಬರಲಿಲ್ಲ. ಈಗ ಮೊಣಕಾಲುಗಳು ದಿನೇ ದಿನೇ ಬಿಗಿಯುತ್ತಿವೆ. ಮೇ 27ರ ಮಂಗಳವಾರ ಬೆಳಗ್ಗೆ ವೈಶಾಖದ ಅಮಾವಾಸ್ಯೆ ಇದ್ದಿತು. ಮಕ್ಕಳಿಗೆ ರಜೆಯೂ ಇದ್ದಿತು. ಮುಂಗಾರು ಸಾಮಾನ್ಯವಾಗಿ ಜೂನ್ 1ರ ಹೊತ್ತಿಗೆ ಕೇರಳವನ್ನು ಮುಟ್ಟುವುದಾದ್ದರಿಂದ, ಅದಕ್ಕೆ ಮುಂಚಿತವಾಗಿಯೇ ಹೋಗಿ ಬರಬಹುದೆಂದು ಎಲ್ಲರೂ ಒಪ್ಪಿದರು.

ಪ್ರಯಾಣದಲ್ಲಿ ಸುಖವಾದುದು ಯಾವುದೆಂದರೆ ರೈಲೊಂದೇ. ಹಾಸನ ಮಂಗಳೂರುಗಳ ಈ ಹಾದಿಯು 1979ರಲ್ಲಿ ಮೀಟರ್ ಗೇಜಿನಲ್ಲಿ ತೆರೆದು, ಅಗಲಗೊಳಿಸುವ ಕಾರ್ಯಕ್ಕಾಗಿ 1996ರಲ್ಲಿ ಮುಚ್ಚಿ, ಪ್ರಯಾಣಿಕರಿಗೆ ಪುನಃ ದೊರೆತದ್ದು 2007ರ ಡಿಸೆಂಬರಿನಲ್ಲಿ. ಒಂದು ತಲೆಮಾರಿನ ಮಕ್ಕಳು ಇದನ್ನು ಕಾಣದೆಯೇ ಬೆಳೆದರೆನ್ನಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಮಕ್ಕಳು ಪ್ರತಿಯೊಂದರಲ್ಲಿಯೂ ಕೂಗಿಕೊಂಡರು. ನಲವತ್ತನೆಯ ಸುರಂಗದ ಹೊತ್ತಿಗೆ ಎಣಿಕೆ ತಪ್ಪಿ ಜಗಳವಾಯಿತು. ಅಕ್ಕನವರು ಕಿಟಕಿಯ ಬಳಿಯಿಂದ ಕದಲಲಿಲ್ಲ.

ಇಳಿದ ಕೂಡಲೇ ಸೆಕೆ. ನಮ್ಮ ಊರಿನಲ್ಲಿಯೂ ಮೇ ತಿಂಗಳ ಬಿಸಿಲು ಮೃದುವಲ್ಲ. ಆದರೆ ಬೆವರು ಆರುತ್ತದೆ. ಬೆವರು ಆರುವಾಗ ದೇಹದ ಶಾಖವನ್ನು ಒಯ್ಯುವುದರಿಂದಲೇ ಮೈಗೆ ತಂಪು. ಕಡಲ ದಡದ ಗಾಳಿಯು ಮೊದಲೇ ನೀರಾವಿಯಿಂದ ತುಂಬಿರುವುದರಿಂದ ನಮ್ಮ ಬೆವರಿಗೆ ಅಲ್ಲಿ ಸ್ಥಳವಿಲ್ಲ. ಆದಕಾರಣ ಉಷ್ಣಮಾಪಕವು ಎರಡು ಊರುಗಳಲ್ಲಿ ಒಂದೇ ಅಂಕವನ್ನು ತೋರಿದರೂ, ಮೂರು ಸಾವಿರ ಅಡಿ ಎತ್ತರದಿಂದ ಇಳಿದು ಬಂದವರಿಗೆ ಅದು ಬೇರೆಯೇ ಲೋಕ. ಹಗಲು ನೆಲವು ನೀರಿಗಿಂತ ಬೇಗ ಕಾಯುವುದರಿಂದ ಗಾಳಿ ಕಡಲಿನಿಂದ ಬೀಸುವುದು. ರಾತ್ರಿ ನೆಲವು ಬೇಗ ಆರುವುದರಿಂದ ಗಾಳಿ ಕಡಲಿಗೆ ಮರಳುವುದು. ಎರಡರ ನಡುವೆ ಗಾಳಿಯು ಸ್ತಬ್ಧವಾಗಿ ನಿಲ್ಲುವ ಒಂದು ಸಂಧಿಕಾಲವುಂಟು. ನಾವು ಸಾಮಾನು ಹೊತ್ತು ವಸತಿಗೃಹವನ್ನು ಸೇರಿದ್ದು ಸರಿಯಾಗಿ ಆ ಸಮಯದಲ್ಲಿ. ವಸತಿಗೃಹದ ವರ್ಣನೆ ಬೇಡ. ಮೊಬೈಲಿನ ಚಿತ್ರದಲ್ಲಿ ಕಿಟಕಿಯ ಹೊರಗೆ ಕಾಣುತ್ತಿದ್ದ ಸಮುದ್ರವು ವಾಸ್ತವದಲ್ಲಿ ಒಂದು ಗೋಡೆಯಾಗಿದ್ದಿತೆಂದರೆ ಸಾಕು. ಬೀಗರು ಮರೆಯದೆ ತಂದಿದ್ದ ರಾಗಿಹಿಟ್ಟು ಗಂಟಿನಲ್ಲಿಯೇ ಉಳಿಯಿತು. ಕುಚ್ಚಲಕ್ಕಿಯ ಅನ್ನವು ಅವರಿಗೆ ಸೇರಲಿಲ್ಲ, ನಮಗಂತೂ ಹಿತವಾಯಿತು.

ಮರುದಿನ, ಅಂದರೆ ಮೇ 24ರಂದು, ಮುಂಗಾರು ಕೇರಳವನ್ನು ಪ್ರವೇಶಿಸಿತೆಂದು ಹವಾಮಾನ ಇಲಾಖೆಯವರು ಸಾರಿದರು. ವಾಡಿಕೆಗಿಂತ ಎಂಟು ದಿನ ಮೊದಲು. 2009ರ ಬಳಿಕ ಅಷ್ಟು ಬೇಗ ಬಂದುದಿಲ್ಲ. ಕರ್ನಾಟಕದ ಕರಾವಳಿಯೂ ಆಗಲೇ ಅದರ ತೆಕ್ಕೆಗೆ ಸಿಕ್ಕಿತು. ಅದೇ ದಿನ ಲೈಬೀರಿಯಾ ದೇಶದ ಧ್ವಜವನ್ನು ಹೊತ್ತ ಎಂ.ಎಸ್.ಸಿ. ಎಲ್ಸಾ 3 ಎಂಬ ಹಡಗು ಕೊಚ್ಚಿಯ ಆಚೆ ವಾಲಿ, ಮರುದಿನ 640 ಸರಕುಪೆಟ್ಟಿಗೆಗಳೊಡನೆ ಮುಳುಗಿತು. ಅದರಲ್ಲಿದ್ದ 24 ಮಂದಿಯೂ ಬದುಕಿದರು. ಕೋಣೆಯೊಳಗೆ ಸೆರೆಯಾಗಿದ್ದ ಮಕ್ಕಳು ದಿನವಿಡೀ ಆ ಸುದ್ದಿಯನ್ನೇ ಓದಿ ಹೇಳುತ್ತಿದ್ದರು. ಹೊರಗೆ ಬಿಡುವಿಲ್ಲದ ಮಳೆ. ಒಗೆದ ಬಟ್ಟೆಗಳು ಮೂರು ದಿನವೂ ಒಣಗಲಿಲ್ಲ.

ಭಾನುವಾರ ಮಧ್ಯಾಹ್ನ ಮಳೆ ತುಸು ನಿಂತಿತು. ಎಲ್ಲರೂ ದಡಕ್ಕೆ ಹೋದೆವು. ಕಡಲು ನೀಲಿಯಾಗಿರಲಿಲ್ಲ, ಹೊಸ ನೀರು ಹೊತ್ತು ತಂದ ಮಣ್ಣಿನಿಂದ ಕೆಂಪು ಮಿಶ್ರಿತ ಬೂದು ಬಣ್ಣ. ತಮ್ಮನ ಮಗನಿಗೆ ಹದಿನಾರು ವರ್ಷ. ಹೇಮಾವತಿಯಲ್ಲಿ ಈಜು ಕಲಿತವನು, ಗಟ್ಟಿಗ. ಎರಡು ಕಡೆಗಳಲ್ಲಿ ಅಲೆಗಳು ನೊರೆಯೆಬ್ಬಿಸಿ ಒಡೆಯುತ್ತಿದ್ದವು. ನಡುವೆ ಒಂದು ಓಣಿಯಷ್ಟು ಅಗಲದಲ್ಲಿ ಮಾತ್ರ ಅಲೆಯಿಲ್ಲ, ನೀರು ಶಾಂತ. ಹುಡುಗನು ಅತ್ತ ಹೆಜ್ಜೆಯಿಟ್ಟನು. ಮೊಣಕಾಲಿನವರೆಗೆ ಇಳಿದಿದ್ದನೋ ಇಲ್ಲವೋ, ದೋಣಿಯ ಪಕ್ಕದಲ್ಲಿ ಬಲೆಯನ್ನು ಸುತ್ತುತ್ತಿದ್ದ ವೃದ್ಧ ಬೆಸ್ತನೊಬ್ಬನು ಓಡಿಬಂದು ರಟ್ಟೆ ಹಿಡಿದೆಳೆದನು. "ಅಲ್ಲಿ ಹೋಗ್ಬೇಡ ಮಾರಾಯ! ಅಲೆ ಇಲ್ಲದಲ್ಲಿ ಕಡಲು ಒಳಗೆ ಎಳೆಯುತ್ತದೆ" ಎಂದನು. ಹುಡುಗನು ಬಿಳಚಿಕೊಂಡನು. ಅವನ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ.

ಈ ವಿಷಯವನ್ನು ನಮ್ಮ ಕಡೆಯ ಪ್ರತಿಯೊಂದು ಮನೆಯವರೂ ತಿಳಿಯಬೇಕಾದುದರಿಂದ ಕೊಂಚ ವಿಸ್ತಾರವಾಗಿ ಬರೆಯುತ್ತೇವೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಷ್ಟೆ. ಅದು ಎಲ್ಲೆಡೆಯೂ ಸಮನಾಗಿ ಹೋಗದೆ, ಮರಳಿನ ದಿಣ್ಣೆಗಳ ನಡುವೆ ಆಳವಾದ ಕಾಲುವೆಯೊಂದನ್ನು ಹುಡುಕಿಕೊಂಡು, ಹೊಳೆಯಂತೆ ಒಳಗಡಲಿನ ಕಡೆಗೆ ರಭಸದಿಂದ ಹರಿಯುವುದು. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಮೇಲ್ನೋಟಕ್ಕೆ ಆ ಸ್ಥಳವೇ ನಿರಪಾಯವೆಂದು ತೋರುವುದು. ಹೊಳೆಯಲ್ಲಿ ಈಜಿದವನಿಗೆ ಶಾಂತವಾದ ನೀರೆಂದರೆ ನಿಧಾನವಾದ ನೀರು. ಕಡಲಿನಲ್ಲಿ ಅದು ವಿಪರೀತ. ಸಿಕ್ಕಿಬಿದ್ದವನು ದಡದ ಕಡೆಗೆ ನೇರವಾಗಿ ಈಜಿದರೆ ಸೆಳವಿಗೆ ಎದುರಾಗಿ ಈಜಿದಂತಾಗಿ, ಎಷ್ಟೇ ಬಲಶಾಲಿಯಾದರೂ ದಣಿದು ಮುಳುಗುವನು. ಸೆಳವು ಕಿರಿದಾದದ್ದು, ಆದುದರಿಂದ ದಡಕ್ಕೆ ಸಮಾನಾಂತರವಾಗಿ, ಎಡಕ್ಕೋ ಬಲಕ್ಕೋ ಈಜಿ ಅದರಿಂದ ಹೊರಬಿದ್ದು, ಅನಂತರ ಅಲೆಗಳ ಜೊತೆಯಲ್ಲಿ ದಡಕ್ಕೆ ಬರಬೇಕು. ಈಜು ಬಾರದವನು ಹೋರಾಡದೆ ತೇಲುತ್ತಾ ಕೈಯೆತ್ತಿ ಕೂಗಬೇಕು. ದಡದಲ್ಲಿದ್ದವರು ಹಿಂದುಮುಂದು ನೋಡದೆ ಹಾರಬಾರದು. ಹಗ್ಗ, ಖಾಲಿ ಡಬ್ಬ, ತೇಲುವ ಯಾವುದನ್ನಾದರೂ ಎಸೆಯಬೇಕು. ಕೆಂಪು ಬಾವುಟವಿದ್ದರೆ ನೀರಿಗಿಳಿಯುವ ಮಾತೇ ಇಲ್ಲ.

2024ರ ಡಿಸೆಂಬರಿನಲ್ಲಿ, ಸಮುದ್ರವು ಸೌಮ್ಯವಾಗಿರುತ್ತದೆನ್ನುವ ಕಾಲದಲ್ಲಿಯೇ, ಕೋಲಾರ ಜಿಲ್ಲೆಯಿಂದ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಮುರ್ಡೇಶ್ವರದ ಕಡಲಿನಲ್ಲಿ ಪ್ರಾಣ ಬಿಟ್ಟರು. ಕಡಲನ್ನು ಕಾಣದ ಸೀಮೆಯ ಮಕ್ಕಳು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳ ಸಾಲನ್ನು ಎಣಿಸಿ ಪ್ರವಾಸಕ್ಕೆ ಕರೆದೊಯ್ದವರಾದ ನಮಗೆ ಆ ಸುದ್ದಿಯನ್ನು ಪೂರ್ತಿಯಾಗಿ ಓದಲಾಗಲಿಲ್ಲ. ನಮ್ಮ ಪಾಠಪುಸ್ತಕಗಳಲ್ಲಿ ಉಬ್ಬರವಿಳಿತಕ್ಕೆ ಚಿತ್ರವುಂಟು, ಈ ಸೆಳವಿಗೂ ಒಂದು ಚಿತ್ರ ಬೇಕೆಂದು ನಮ್ಮ ಅಭಿಪ್ರಾಯ.

ಇನ್ನು ಅಕ್ಕನವರ ವಿಷಯ. ಅಮರಕೋಶದಲ್ಲಿ ಸಮುದ್ರಕ್ಕೆ ಅಕೂಪಾರ, ಪಾರಾವಾರ, ಸರಿತ್ಪತಿ, ರತ್ನಾಕರ ಎಂದು ಮುಂತಾಗಿ ಹೆಸರುಗಳುಂಟು. ಹುಡುಗರಾಗಿದ್ದಾಗ ಅವನ್ನು ಬಾಯಿಪಾಠ ಮಾಡಿದ ನಮಗೆ ಒಂದೂ ಭಯಂಕರವೆನಿಸಿರಲಿಲ್ಲ. ಅಶ್ವತ್ಥವನ್ನೂ ಸಾಗರವನ್ನೂ ದೂರದಿಂದ ಸೇವಿಸಬೇಕೇ ಹೊರತು ಸುಮ್ಮಸುಮ್ಮನೆ ಮುಟ್ಟಲಾಗದೆಂದೂ, ಹುಣ್ಣಿಮೆ ಅಮಾವಾಸ್ಯೆಗಳಂಥ ಪರ್ವಗಳಲ್ಲಿ ಮಾತ್ರ ಸಮುದ್ರಸ್ನಾನವೆಂದೂ ಹಿರಿಯರು ವಿಧಿಸಿದ್ದರು. ಇದನ್ನು ಪ್ರಾಣರಕ್ಷಣೆಯ ಉಪಾಯವೆಂದು ವ್ಯಾಖ್ಯಾನಿಸುವವರಿದ್ದಾರೆ. ನಾವು ಒಪ್ಪಲಾರೆವು. ಸೂರ್ಯಚಂದ್ರರ ಆಕರ್ಷಣೆಗಳು ಒಂದೇ ರೇಖೆಯಲ್ಲಿ ಕೂಡುವ ಆ ದಿನಗಳಲ್ಲಿಯೇ ಉಬ್ಬರವು ಅತ್ಯಧಿಕವಾಗಿರುವುದು. ವಿಧಿಯು ಶ್ರದ್ಧೆಯದು, ನೀರಿಗೆ ಇಳಿಯಬಹುದೋ ಬಾರದೋ ಎಂಬುದನ್ನು ನೀರನ್ನು ನೋಡಿಯೇ ನಿರ್ಣಯಿಸಬೇಕು.

ಮಂಗಳವಾರ ಬೆಳಗಾಗುವಾಗ ಉಳ್ಳಾಲದ ಬಳಿಯ ಸೋಮೇಶ್ವರಕ್ಕೆ ಹೋದೆವು. ದೇವಾಲಯವು ಕಡಲಂಚಿನಲ್ಲಿಯೇ ಇದೆ, ಕೆಳಗೆ ಬಂಡೆಗಳು. ದಾರಿಯುದ್ದಕ್ಕೂ ಕಡಲ್ಕೊರೆತವನ್ನು ತಡೆಯಲೆಂದು ಪೇರಿಸಿದ ಕಲ್ಲುಗಳು ಕಾಣುತ್ತವೆ. ಆ ತೀರದಲ್ಲಿ ಮನೆಯನ್ನೂ ತೆಂಗನ್ನೂ ಕಳೆದುಕೊಂಡವರಿಗೆ ನಮ್ಮ ನಾಲ್ಕು ದಿನದ ಬೇಸರವು ಬೇಸರವೇ ಅಲ್ಲ. ಅಲೆಗಳು ಬಂಡೆಗೆ ಅಪ್ಪಳಿಸಿ ಆಳೆತ್ತರಕ್ಕಿಂತ ಮೇಲಕ್ಕೆ ಚಿಮ್ಮುತ್ತಿದ್ದವು. ಅಕ್ಕನವರು ಮಡಿಸೀರೆಯ ಗಂಟನ್ನು ಎದೆಗವಚಿಕೊಂಡು ಬಹಳ ಹೊತ್ತು ನೋಡಿದರು.

"ಇಳಿಯೋದು ಬೇಡ ಅಕ್ಕ" ಎಂದೆವು.

"ನನಗೇನು ಕಣ್ಣಿಲ್ಲವೇನೋ" ಎಂದರು.

ಸ್ಥಳದವರೊಬ್ಬರು ನೊರೆ ಬಂದು ತಲುಪಿ ಹಿಂದಿರುಗುವ ಎಡೆಯನ್ನು ಅರಿತವರು. ನಮ್ಮ ತಾಮ್ರದ ಚೊಂಬಿನಲ್ಲಿ ನೀರು ತುಂಬಿ ತಂದುಕೊಟ್ಟರು. ಅರ್ಧ ಚೊಂಬು ನೀರು, ಅರ್ಧ ಮರಳು. ಅಕ್ಕನವರು ಮೂಡಣಕ್ಕೆ ತಿರುಗಿ ಅದನ್ನು ತಲೆಯ ಮೇಲೆ ಸುರಿದುಕೊಂಡು, ತುಟಿಗೆ ತಾಗಿದ ಉಪ್ಪನ್ನು ಒರೆಸುತ್ತಾ, "ಇಷ್ಟು ದೂರ ಬಂದು ಚೊಂಬಲ್ಲೇ ಮಿಂದದ್ದಾಯ್ತಲ್ಲೋ; ರಾಮನಾಥಪುರದ ಹೊಳೆಯಲ್ಲಾದರೂ ಮೂರು ಮುಳುಗು ಹಾಕುತ್ತಿದ್ದೆ" ಎಂದರು. ನಗುತ್ತಿದ್ದರೋ ಅಳುತ್ತಿದ್ದರೋ, ಮುಖವೆಲ್ಲ ನೀರಾದ್ದರಿಂದ ತಿಳಿಯಲಿಲ್ಲ.

ಅದೇ ಮಧ್ಯಾಹ್ನ ಬಾಡಿಗೆಯ ಗಾಡಿಯಲ್ಲಿ ಶಿರಾಡಿ ಘಟ್ಟವನ್ನು ಹತ್ತಿದೆವು. ಲಾರಿಗಳ ಹಿಂದೆ ನಿಂತು ನಿಂತು, ಹಾಸನವನ್ನು ಮುಟ್ಟುವಾಗ ರಾತ್ರಿ ಹತ್ತು ಗಂಟೆ. ಕಡಲಿಗೆ ಹೋಗಬೇಕೆನ್ನುವ ವಾಚಕರು ಡಿಸೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳನ್ನು ಆರಿಸಿಕೊಳ್ಳುವುದು ಲೇಸು. ಆಗ ಸೆಕೆಯೂ ಕಡಿಮೆ, ಮಲ್ಪೆಯಿಂದ ಸೇಂಟ್ ಮೇರಿ ದ್ವೀಪಕ್ಕೆ ಹೋಗುವ ದೋಣಿಗಳೂ ಇರುತ್ತವೆ, ಮಳೆಗಾಲದಲ್ಲಿ ಅವು ಇಲ್ಲ. ಅಕ್ಕನವರು ಮಾಘದ ಹುಣ್ಣಿಮೆಯ ತಾರೀಖನ್ನು ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಂಡಿದ್ದಾರೆ. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಎಷ್ಟು ಬೆಳಗಿದರೂ ಉಪ್ಪುನೀರಿನ ಕಲೆ ಹೋಗಿಲ್ಲವೆಂದು ಹೇಳಿಕಳುಹಿಸಿದ್ದಾರೆ.